ಮಾಡವಿಲ್ಲದ ಗೋಡೆ

ಕಲ್ಲಿನ ಗೋಡೆಗೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಮಳೆಯ ವಾಸನೆಯಲ್ಲ, ಮಣ್ಣಿನದೂ ಅಲ್ಲ. ಹಳೆಯ ಕಬ್ಬಿಣದ ಬೀಗವನ್ನು ಬಹಳ ಹೊತ್ತು ಅಂಗೈಯಲ್ಲಿ ಹಿಡಿದರೆ ಕೈಗೆ ಹತ್ತುತ್ತದಲ್ಲ, ಅದರ ಹತ್ತಿರದ್ದು. ಈ ಬೇಸಿಗೆಯಲ್ಲಿ ಪಕ್ಕದ ಮನೆಯ ರತ್ನವ್ವನ ಬಸುರಿ ಮಗಳ ಕುಬಸಕ್ಕೆ ಹೋಗಿದ್ದೆ. ಬಂದ ಹೆಂಗಸರಿಗೆ ತಂಪಾಗಲಿ ಎಂದು ಯಾರೋ ಗೋಡೆಯ ಬುಡಕ್ಕೆ ಒಂದು ತಂಬಿಗೆ ನೀರು ಉಗ್ಗಿದರು. ಆ ವಾಸನೆ ಬಂತು. ಉಡಿ ತುಂಬುವವರ ಹಾಡು ನನ್ನ ಕಿವಿಗೆ ಕೇಳುವುದು ನಿಂತುಹೋಯಿತು.

ಅದು ನಮ್ಮ ಗೋಡೆ. ಒಂದು ಕಾಲಕ್ಕೆ ಅರ್ಧ ನಮ್ಮದಾಗಿತ್ತು.

ಈ ಸಂಗತಿಯನ್ನು ನಾನು ಹಲವರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದಂತೆಲ್ಲ ಅದು ನುಣ್ಣಗಾಗುತ್ತ ಬಂದಿದೆ. ನುಣ್ಣಗಿರುವುದನ್ನು ಈಗ ನಂಬುವುದಿಲ್ಲ. ನುಣ್ಣನೆಯ ಸಿಮೆಂಟು ಗಿಲಾವಿನ ಹಿಂದೆ ಏನಿರಬಹುದು ಎಂದು ಒಮ್ಮೆ ಕಣ್ಣಾರೆ ಕಂಡವಳು ನಾನು. ಹಾಗಾಗಿ ಈ ಸಲ ಉಜ್ಜದೆ, ತಿಕ್ಕದೆ, ನೆನಪು ಎಲ್ಲೆಲ್ಲಿ ಒಡೆದಿದೆಯೋ ಅಲ್ಲಲ್ಲಿ ಹಾಗೇ ಬಿಟ್ಟು ಹೇಳುತ್ತೇನೆ.

ಬಿಳೂರಿನಲ್ಲಿ ನಮ್ಮ ಮನೆಗೂ ರತ್ನವ್ವನ ಮನೆಗೂ ನಡುವೆ ಒಂದೇ ಗೋಡೆ. ಮಣ್ಣಿನದು. ಯಾವ ಕಾಲದವರು ಕಟ್ಟಿದ್ದೋ ಯಾರಿಗೂ ಗೊತ್ತಿರಲಿಲ್ಲ. ಅದರ ಎರಡೂ ಮೈಯಲ್ಲಿ ಮಾಡಗಳಿದ್ದವು, ಗೋಡೆಯ ದಪ್ಪದಲ್ಲೇ ಬಿಟ್ಟ ಗೂಡುಗಳು, ಬೆನ್ನಿಗೆ ಬೆನ್ನು ಕೊಟ್ಟಂತೆ. ನಮ್ಮ ಕಡೆಯ ಮಾಡಗಳಲ್ಲಿ ನಮ್ಮ ದೀಪ, ನಮ್ಮ ಕುಂಕುಮದ ಭರಣಿ, ನಮ್ಮ ಬಾಚಣಿಕೆ. ಅವರ ಕಡೆ ಅವರವು. ಅಡುಗೆಮನೆಯ ಒಂದು ಮಾಡದ ಬೆನ್ನು ಸವೆದು ತೂತಾಗಿತ್ತು, ಬಳೆ ತೊಟ್ಟ ಮುಂಗೈ ಹಿಡಿಯುವಷ್ಟು. ನಾನೂ ರತ್ನವ್ವನೂ ಒಂದೇ ವರ್ಷ ಬಿಳೂರಿಗೆ ಸೊಸೆಯಂದಿರಾಗಿ ಬಂದವರು. ನಾನು ಜತ್ತ ಪೇಟೆಯವಳು, ಅವಳು ಶೇಗಾಂವದ ಕಡೆ ಕುರಿ ಸಾಕುವವರ ಹಟ್ಟಿಯವಳು. ಕರಿಬೇವು, ಕಡ್ಡಿಪೆಟ್ಟಿಗೆ, ಹೆಪ್ಪಿಗೆ ಬೇಕಾದ ಮೊಸರು, ಗಂಡಂದಿರ ಮೇಲಿನ ಚಾಡಿ, ಎಲ್ಲವೂ ಆ ತೂತಿನಿಂದಲೇ ಅತ್ತಿತ್ತ ದಾಟುತ್ತಿದ್ದವು.

"ಏ ಶೈಲಾ, ನಿನ್ನ ಗಂಡ ಊಟಕ್ಕ ಕುಂತಾನೇನ? ಸಾರ ಸುರಿಯೂ ಸಪ್ಪಳ ನನ್ನ ಒಲಿತನಕಾ ಬರಾಕತ್ತದ."

"ನಿನ್ನ ಗಂಡನ ಗೊರಕಿ ದಿನಾ ನನ್ನ ಹಾಸಿಗಿಗೆ ಬರ್ತದಲ್ಲ, ಅದರ ಲೆಕ್ಕಾ ಹೇಳ ಮೊದ್ಲ."

ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಂದಾಗ ಮಣ್ಣಿನ ಗೋಡೆಗಳನ್ನು ಹುಡುಕಿಕೊಂಡು ಬರುತ್ತದೆ. ರತ್ನವ್ವನ ಮಗಳು ಹತ್ತನೆಯ ಇಯತ್ತೆಯಲ್ಲಿದ್ದ ವರ್ಷದ ಹಿಂಗಾರಿ ಮಳೆಯಲ್ಲಿ, ಒಂದು ಮಧ್ಯಾಹ್ನ, ಆ ಗೋಡೆ ಕುಳಿತಿತು. ಬಿತ್ತು ಎನ್ನುವಂತಿಲ್ಲ; ದಣಿದ ಎತ್ತು ಮೊಣಕಾಲು ಮಡಚಿದಂತೆ ಮೆಲ್ಲಗೆ ಕುಳಿತುಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಎರಡು ಅಡುಗೆಮನೆಗಳು ಒಂದಾದವು. ಚಳಿಗಾಲವಿಡೀ ನಡುವೆ ತಾಡಪತ್ರಿ ಕಟ್ಟಿಕೊಂಡೆವು. ಹಗಲು ಹೊತ್ತು ಅದನ್ನೂ ಮೇಲೆತ್ತಿ, ಎದುರುಬದುರು ಕುಳಿತು ರೊಟ್ಟಿ ಬಡಿಯುತ್ತಿದ್ದೆವು. ನನ್ನ ನೆನಪಿನಲ್ಲಿ ಅದು ನಮ್ಮಿಬ್ಬರ ಅತಿ ಸುಖದ ಕಾಲ. ಆದರೆ ಹೊಗೆಯೂ ಇತ್ತು, ಎರಡು ಮನೆಯ ಹೊಗೆ. ನಾವು ಕೆಮ್ಮುತ್ತಲೇ ಇದ್ದೆವು. ಹೇಳುವಾಗ ನಾನು ಯಾವಾಗಲೂ ಕೆಮ್ಮನ್ನು ಬಿಟ್ಟುಬಿಡುತ್ತೇನೆ.

ಬೇಸಿಗೆಯ ಮೊದಲಿಗೆ ಹೊಸ ಗೋಡೆಯ ಮಾತು ಬಂತು. ಕಿರಾಣಿ ಅಂಗಡಿ ಮುಚ್ಚಿ ನನ್ನ ಗಂಡ ಬಸವರಾಜ, ಸಂತೆಗೆ ಕುರಿ ಹೇರುವ ಟೆಂಪೊ ನಿಲ್ಲಿಸಿ ರತ್ನವ್ವನ ಗಂಡ ಮಾಯಪ್ಪ, ಇಬ್ಬರೂ ಬಿದ್ದ ಮಣ್ಣಿನ ಗುಡ್ಡೆಯ ಮೇಲೆ ಕುಳಿತರು. ಎದುರಿಗೆ ಗೋಡೆ ಕಟ್ಟುವ ಸಿದರಾಮ ಗೌಂಡಿ. ಕಣ್ಣಿಗೆ ಕಪ್ಪು ಚಷ್ಮಾ, ಕಿವಿಗೆ ಫೋನು, ಯಾರು ಏನು ಹೇಳಿದರೂ "ಆತು ಬಿಡ್ರಿ" ಎನ್ನುವ ಬಾಯಿ. ಆ ಬಾಯಿ ಕೆಲಸಕ್ಕಿಂತ ಮಾತಿನಲ್ಲಿ ಚುರುಕು.

"ಮತ್ತ ಮಣ್ಣಿಂದ ಕಟ್ಟೂಣೇನ್ರಿ? ಬ್ಯಾಸಿಗ್ಯಾಗ ತಂಪು, ಥಂಡ್ಯಾಗ ಬೆಚ್ಚಗ. ಒಂದ ಖೋಡಿ, ನೀರ ಕಂಡ್ರ ಅಳ್ತದ."

"ಸಿಮಿಟ್ ಬ್ಲಾಕ್ ಹಾಕ್ರಿ," ಎಂದ ಮಾಯಪ್ಪ. "ಲಗೂನ ಮುಗಿತದ. ತೆಳ್ಳಗಿರ್ತದ, ಜಾಗಾನೂ ಉಳಿತದ."

"ಮುಗಿತದ. ಬ್ಯಾಸಿಗಿ ಬಂತಂದ್ರ ಬ್ಲಾಕಿನ ಗ್ವಾಡಿ ಕಾದ ಹಂಚು, ಒಳಗ ಮಲಗಿದ ನೀನು ರೊಟ್ಟಿ. ಹೊಳ್ಳಿಸಿ ಹಾಕಾಕ ಯಾರನ್ನ ಕರೀತಿ?" ಎಂದ ಗೌಂಡಿ.

"ಅವರನ್ನ ಹೊಳ್ಳಿಸಿ ಹಾಕೂದು ನನಗ ರೂಢಿ ಅದ ಬಿಡ್ರಿ," ಎಂದಳು ಒಲೆಯ ಹತ್ತಿರದಿಂದ ರತ್ನವ್ವ. ಗಂಡಸರು ನಕ್ಕರು. ಮಾಯಪ್ಪನೂ ನಕ್ಕ.

ಇಟ್ಟಂಗಿಯ ಮಾತು ಬಂತು. ಸುಟ್ಟ ಇಟ್ಟಂಗಿ ಚಲೋ, ಮೂಲೆ ನೆಟ್ಟಗೆ ನಿಲ್ಲುತ್ತದೆ, ಬೆಂಕಿಗೆ ಹೆದರುವುದಿಲ್ಲ, ಆದರೆ ಒಳ್ಳೆಯದು ಬೇಕೆಂದರೆ ಹೊಳೆಯ ಕಡೆಯಿಂದ ತರಿಸಬೇಕು. ಇಲ್ಲಿಯದು ಉಗುರಿಗೆ ಉದುರುತ್ತದೆ. ಕೊನೆಗೆ ಕಲ್ಲು. ನಮ್ಮ ಹೊಲದ ಬಾವಿ ತೋಡಿದಾಗ ಎದ್ದ ಕರಿಕಲ್ಲು ಬದುವಿನ ಮೇಲೆ ಬಿದ್ದಿತ್ತು. ಅವರದು ಹಳೆಯ ಕುರಿದೊಡ್ಡಿಯ ಗೋಡೆ, ಮಣ್ಣೂ ಇಲ್ಲದೆ ಸಿಮೆಂಟೂ ಇಲ್ಲದೆ ಬರೀ ಕಲ್ಲ ಮೇಲೆ ಕಲ್ಲು ಇಟ್ಟದ್ದು. ಅದನ್ನು ಬಿಚ್ಚಿದರೆ ಅರ್ಧ ಕಲ್ಲು. ಒಂದೂವರೆ ಅಡಿ ದಪ್ಪದ ಗೋಡೆ, ಅರ್ಧ ದಪ್ಪ ನಮ್ಮ ಜಾಗದಲ್ಲಿ, ಅರ್ಧ ಅವರದರಲ್ಲಿ. ನಡುವಿನ ಗೋಡೆ ಸಾಮಾಯಿಕ, ಇಬ್ಬರಿಗೂ ಸೇರಿದ್ದು ಎಂದು ಗಂಡಸರು ಬಾಯಿಮಾತಿನಲ್ಲಿ ಒಪ್ಪಿದರು. ನಾವು ಹೆಂಗಸರು ಚಹಾ ಕೊಟ್ಟೆವು.

ಗೌಂಡಿ ಅಂದು ಹೇಳಿದ ಒಂದು ಮಾತು ನೆನಪಿದೆ. ಕಲ್ಲಿನ ಗೋಡೆ ಎಂದರೆ ನಿಜದಲ್ಲಿ ಎರಡು ಗೋಡೆ. ಈ ಕಡೆಗೊಂದು ಮುಖ, ಆ ಕಡೆಗೊಂದು ಮುಖ, ನಡುವೆ ಚೂರುಗಲ್ಲು. ಅಲ್ಲಲ್ಲಿ ಎರಡೂ ಮುಖ ಮುಟ್ಟುವಂಥ ಉದ್ದ ಕಲ್ಲು ಹಾಕದಿದ್ದರೆ ಮುಖಗಳು ದೂರ ಸರಿಯುತ್ತವೆ. "ಗ್ವಾಡಿಗೆ ಹೊಟ್ಟಿ ಬರ್ತದ. ಅದಕ್ಕೇನ ಕುಬಸ ಮಾಡಾಕ ಬರಂಗಿಲ್ಲ," ಎಂದ.

ಓದುವವರಿಗೆ ಇಷ್ಟರಲ್ಲೇ ಒಂದು ಹೋಲಿಕೆ ಹೊಳೆದಿರಬಹುದು. ನನಗೂ ಹೊಳೆದಿತ್ತು. ಬೇಡ. ಅದು ಗೋಡೆ, ನಾವಿಬ್ಬರು ಮನುಷ್ಯರು. ಅವನು ಉದ್ದ ಕಲ್ಲುಗಳನ್ನು ಸರಿಯಾಗಿಯೇ ಹಾಕಿದ. ಆ ಗೋಡೆಗೆ ಇವತ್ತಿಗೂ ಹೊಟ್ಟೆ ಬಂದಿಲ್ಲ.

ಆ ಬೇಸಿಗೆ ನಮ್ಮಿಬ್ಬರ ಕೆಲಸ ಗೋಡೆಗೆ ನೀರು ಹೊಡೆಯುವುದು. ಬೆಳಿಗ್ಗೆ ಅವಳು, ಸಂಜೆ ನಾನು. ಕೆಲವು ಸಲ ಇಬ್ಬರೂ. ಮೊಳದುದ್ದ ಎದ್ದ ಗೋಡೆ ಕೊಡಗಟ್ಟಲೆ ಕುಡಿಯುತ್ತಿತ್ತು. ಮೊದಲಿಗೆ ಹೇಳಿದ ವಾಸನೆ ಆಗಿನದೇ. ಹೀಗೆ ನೀರು ಹೊಡೆಯುವಾಗಲೇ ಒಂದು ದಿನ ಹಳೆಯ ಮಣ್ಣಿನ ಗುಡ್ಡೆಯಿಂದ ಚೇಳೊಂದು ಹೊರಬಂತು. ರತ್ನವ್ವ ಚಪ್ಪಲಿಯಿಂದ ಹೊಡೆದಳು.

"ಹಳೀ ಮಾಡದಾಗ ಇದ್ದದ್ದಿದು. ಶೈಲಾ, ನಿನಗ ಯಾಕ ಬೇಕ ಮಾಡ? ಫ್ರಿಜ್ ತರಾವ್ರು ನೀವು. ಸಾಪ್ ಗ್ವಾಡಿ ಇದ್ರ ಒಪ್ತದ. ಚೇಳ ಇಲ್ಲ, ಜ್ಯಾಡ ಇಲ್ಲ."

ಹೀಗೆ ಅವಳು ಅಂದಳು. ಅಥವಾ ನಾನೇ "ಮಾಡ ಇದ್ರ ಚೇಳ ಕೂಡ್ತಾವ" ಎಂದೆ, ಅವಳು ಹೌದೆಂದಳು. ನಂತರದ ವರ್ಷಗಳಲ್ಲಿ ನಾನು ಈ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೆಂದರೆ ಎರಡೂ ಧ್ವನಿ ಈಗ ನನ್ನವೇ ಆಗಿವೆ. ಚೇಳು ಮಾತ್ರ ಖರೆ. ಅದರ ಬಾಲ ಸತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲಾಡಿತು.

ನಮ್ಮವ್ವನ ಕಣ್ಣಿನ ಆಪರೇಷನ್ ಆಗಿ ನಾನು ಜತ್ತಕ್ಕೆ ಹೋದೆ. ಅವ್ವನ ರೆಪ್ಪೆ ಅಗಲಿಸಿ ಔಷಧದ ಹನಿ ಬಿಡುವಾಗ ಫೋನು ಬಂತು. ಭುಜಕ್ಕೂ ಕಿವಿಗೂ ನಡುವೆ ಅದನ್ನು ಒತ್ತಿ ಹಿಡಿದೆ. ರತ್ನವ್ವ.

"ಗೌಂಡಿ ನಿಮ್ಮ ಕಡೀನೂ ಮಾಡ ಬಿಟ್ಟಾನ. ನಾಳಿ ಗಿಲಾವು. ಏನ ಹೇಳಲಿ, ಇರಲೋ ಮುಚ್ಚಲೋ? ಫ್ರಿಜ್ ಅಲ್ಲೇ ಬರೂದಲ್ಲ?"

"ಮುಚ್ಚಂತ ಹೇಳು," ಎಂದೆ. ಹನಿ ಕಣ್ಣು ಬಿಟ್ಟು ಅವ್ವನ ಕೆನ್ನೆಗೆ ಬಿತ್ತು. ಅವ್ವ ಬೈದಳು.

ಊರಿಗೆ ಬಂದಾಗ ನಮ್ಮ ಕಡೆಯ ಗೋಡೆ ಕನ್ನಡಿಯಂತಿತ್ತು. ಬಿಳಿಯ ಬಣ್ಣ, ಒಂದು ಕುಳಿಯಿಲ್ಲ. ಫ್ರಿಜ್ ಬಂದು ಅಂಟಿ ನಿಂತಿತು. ರಾತ್ರಿ ಅಂಗಡಿ ಮುಚ್ಚಿ ಬರುವ ನನ್ನ ಗಂಡ ಅದನ್ನು ಲಕ್ಷ್ಯಕೊಟ್ಟು ನೋಡಿರಲಿಲ್ಲ. ರತ್ನವ್ವನ ಕಡೆ ಗಿಲಾವು ಮಾಡಿಸಲಿಲ್ಲ. ಕರಿಕಲ್ಲು ಹಾಗೇ ಕಾಣುವಂತೆ ಸಂದುಗಳಿಗೆ ಮಾತ್ರ ಸಿಮೆಂಟು. ಅವಳ ಮಾಡಗಳು ಸಾಲಾಗಿ ಇದ್ದವು. ಅಡುಗೆಮನೆಯ ತೂತು ಯಾವ ಕಡೆಯೂ ಇರಲಿಲ್ಲ. ಇಬ್ಬರೂ ಅದರ ಮಾತೆತ್ತಲಿಲ್ಲ. ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ನಮ್ಮ ಮನೆ ಊರಿನ ಎಲ್ಲ ಮನೆಗಳಿಗಿಂತ ತಂಪಾಗಿತ್ತು. ಹೊರಗೆ ತಗಡು ಸುಡುವಾಗ ನಾನು ಆ ಗೋಡೆಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದೆ. ಹೊಲಿಗೆ ಕಲಿಸೆಂದು ಊರಿನ ಹುಡುಗಿಯರು ಆಗಲೇ ಬೆನ್ನು ಹತ್ತಿದ್ದರು. ಮೇಲೆ ಒಂದು ಖೋಲಿ ಎಬ್ಬಿಸಿದರೆ ಎರಡು ಮಷೀನು ಹಾಕಿ ವರ್ಗ ನಡೆಸಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಇಂಥ ಗೋಡೆ ಕೆಳಗಿರುವಾಗ ಎಂಥ ಭಾರವನ್ನೂ ಇಡಬಹುದು. ಆ ಖೋಲಿ ನನ್ನದು, ನನ್ನ ಹೆಸರಿನ ಮೊದಲ ಜಾಗ. ತವರಿನಲ್ಲೂ ನನಗೆ ಅಂಥದೊಂದು ಇರಲಿಲ್ಲ.

ದೀಪಾವಳಿ ಮುಗಿದ ಮೇಲೆ ಖೋಲಿಯ ಕೆಲಸ ಶುರುವಾಯಿತು. ಗೋಡೆಯ ತಲೆಯ ಮೇಲೆ ಕಬ್ಬಿಣದ ಸಲಾಕೆ ಇಡುವ ದಿನ ಮಾಯಪ್ಪ ಟೆಂಪೊ ನಿಲ್ಲಿಸಿ ಒಳಗೆ ಬಂದ.

"ಸಾವ್ಕಾರ್ರ, ಕೆಲಸಾ ನಿಲ್ಲಸ್ರಿ. ಗ್ವಾಡಿ ನಮ್ಮದು."

ನನ್ನ ಗಂಡ ಚೇಷ್ಟೆ ಎಂದುಕೊಂಡು ನಕ್ಕ. "ನಿಮ್ಮದ ಇರಲಿ ಮಾರಾಯಾ, ಚಹಾ ಕುಡಿ ಬಾ."

"ಚಹಾ ಆಮ್ಯಾಲ. ಸಲಾಕಿ ಇಳಸ್ರಿ."

ಬಿಳೂರಿನಲ್ಲಿ ಗೋಡೆ, ಬದು, ನೀರಿನ ಹಾದಿ ಈ ಮೂರರ ಜಗಳಕ್ಕೆ ಗುರಪಾದಜ್ಜನನ್ನು ಕರೆಯುತ್ತಾರೆ. ಅಜ್ಜ ಬಂದ, ಹಿಂದೆ ನಾಲ್ಕು ಜನ ಹಿರಿಯರು. ಅಜ್ಜ ಕಾಗದ ಕೇಳಲಿಲ್ಲ, ಕಲ್ಲು ಯಾರದೆಂದೂ ಕೇಳಲಿಲ್ಲ. ಮೊದಲು ರತ್ನವ್ವನ ಮನೆಗೆ ಹೋಗಿ ಒಂದೊಂದು ಮಾಡದಲ್ಲೂ ಕೈಯಿಟ್ಟು ನೋಡಿದ. ಆಮೇಲೆ ನಮ್ಮ ಮನೆಗೆ ಬಂದ. ಫ್ರಿಜ್ ಸರಿಸಿದರು. ಅಜ್ಜ ಬಿಳಿಯ ಗೋಡೆಯ ಮೇಲೆ ಅಂಗೈ ಎಳೆದ, ಈ ಮೂಲೆಯಿಂದ ಆ ಮೂಲೆಗೆ.

"ನಿಮ್ಮ ಮಾಡ ಎಲ್ಲದಾವ, ಬಸಣ್ಣಾ?"

ನನ್ನ ಗಂಡನ ಮುಖ ಇಳಿಯಿತು. ನನಗೆ ಯಾಕೆಂದು ತಿಳಿಯಲಿಲ್ಲ. ಆ ಕ್ಷಣ ಆ ಜಾಗದಲ್ಲಿದ್ದ ಎಲ್ಲ ಗಂಡಸರಿಗೂ ತಿಳಿದಿದ್ದ ಒಂದು ಮಾತು ನನಗೆ ತಿಳಿದಿರಲಿಲ್ಲ. ಅಜ್ಜನೇ ಹೇಳಿದ. ಗೋಡೆಯಲ್ಲಿ ಮಾಡ ತೆಗೆಯುವುದೆಂದರೆ ಗೋಡೆಯ ದಪ್ಪವನ್ನು ತಿನ್ನುವುದು. ಬೇರೆಯವರ ಗೋಡೆಯನ್ನು ತಿನ್ನಲು ಯಾರೂ ಬಿಡುವುದಿಲ್ಲ. ಹಾಗಾಗಿ ಮಾಡ ಯಾರ ಕಡೆಗಿವೆಯೋ ಗೋಡೆ ಅವರದು. ಎರಡೂ ಕಡೆ ಇದ್ದರೆ ಇಬ್ಬರದು.

"ಬಾಯಿಮಾತಾಗಿತ್ತಲ್ಲೋ ಮಾಯಪ್ಪಾ!" ಎಂದ ನನ್ನ ಗಂಡ.

"ಬಾಯಿಮಾತು ಬಾಯಾಗ ಇರ್ತದ್ರಿ. ಮಾಡ ಗ್ವಾಡ್ಯಾಗ ಇರ್ತಾವ."

ಆಗ ನಾನು ಒಳಗಿನಿಂದ ಕೂಗಿದೆ. "ಅಜ್ಜಾರ, ಮಾಡ ಅದಾವ್ರಿ. ಗಿಲಾವಿನ ಹಿಂದ ಅದಾವ, ಒಡದ ನೋಡ್ರಿ!"

ಒಬ್ಬ ಹಾರೆಯ ತುದಿಯಿಂದ ಗೋಡೆ ಬಡಿದುಕೊಂಡು ಹೋದ. ಒಂದು ಕಡೆ ಸಪ್ಪಳ ಬದಲಾಯಿತು. ಗಿಲಾವು ಉದುರಿತು, ಇಟ್ಟಂಗಿಯ ತುಂಡುಗಳು ಉದುರಿದವು. ಒಳಗೆ ಮಾಡ. ದೀಪದ ಮಸಿ ಕಾಣದ, ಒಂದು ದಿನವೂ ಬಾಳದ ಮಾಡ. ನನಗೆ ಅಳು ಬಂತು, ಸಂತೋಷಕ್ಕೆ. ನನ್ನ ಗಂಡ ಸೊಂಟದ ಮೇಲೆ ಕೈಯಿಟ್ಟು ಮಾಯಪ್ಪನನ್ನು ನೋಡಿದ.

ಅಜ್ಜ ಮಾಡದೊಳಗೆ ಕೈಯಿಟ್ಟ. "ಮಾಡ ಅದ," ಎಂದ. ಕೈ ತೆಗೆಯದೆಯೇ ಕೇಳಿದ: "ಮುಚ್ಚಿದವರು ಯಾರು?"

ಬೇರೆಯವರು ಮುಚ್ಚಿದ್ದರೆ ಅದು ಕಳವು, ತಾನಾಗಿ ಮುಚ್ಚಿದ್ದರೆ ಗೋಡೆ ಬಿಟ್ಟುಕೊಟ್ಟಂತೆ. ಇದೂ ಅವರೆಲ್ಲರಿಗೆ ಗೊತ್ತಿತ್ತು.

ಗೌಂಡಿಯನ್ನು ಕರೆಸಿದರು. ಚಷ್ಮಾ ಕೈಯಲ್ಲಿ ಹಿಡಿದಿದ್ದ. ಅವನ ಕಣ್ಣು ನೋಡಿದ್ದು ಅವತ್ತೇ ಮೊದಲು, ಸಣ್ಣ ಕಣ್ಣು. "ಮುಚ್ಚು ಅಂದ್ರು, ಆತು ಬಿಡ್ರಿ ಅಂದ್ನಿ. ಶೈಲಕ್ಕಾರು ಫೋನ್‌ನ್ಯಾಗ ಹೇಳ್ಯಾರಂತ ರತ್ನವ್ವ ಹೇಳಿದ್ಲು."

ರತ್ನವ್ವ ನಮ್ಮ ಹೊಸ್ತಿಲ ಆಚೆ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ಅವಳು ಆ ಹೊಸ್ತಿಲ ಆಚೆ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ; ಅವಳು ಯಾವಾಗಲೂ ಒಳಗೇ ಇರುತ್ತಿದ್ದವಳು.

"ಖರೇನೇನವಾ?" ಎಂದ ಅಜ್ಜ.

"ಹೌದ್ರಿ. ಮುಚ್ಚಂತ ಆಕಿನ ಅಂದ್ಲು."

ಒಂದು ಅಕ್ಷರ ಸುಳ್ಳಿಲ್ಲ. ಹುಡುಕಿ ನೋಡಿದ್ದೇನೆ, ಸಿಗುವುದಿಲ್ಲ.

"ರತ್ನಾ, ಚೇಳಿನ ಮಾತ..." ಎಂದೆ.

"ಚೇಳಿನ ಮಾತ ಬ್ಯಾಡವಾ," ಎಂದ ಅಜ್ಜ, ಕೆಟ್ಟ ದನಿಯಲ್ಲೇನೂ ಅಲ್ಲ. "ಮುಚ್ಚಂತ ಅಂದೀಯೋ ಇಲ್ಲೋ?"

"ಅಂದೀನ್ರಿ. ಆದ್ರ..."

"ಆತು."

ನನ್ನ ಗಂಡ ನನ್ನ ಕಡೆ ತಿರುಗಿದ. ಎಲ್ಲರೆದುರು. "ನನಗೊಂದ ಮಾತ ಕೇಳಬಾರದಾಗಿತ್ತೇನ?" ಮನೆಗೆ ಬಂದ ದಿನದಿಂದ ದಿನಾಲೂ ಸಂಜೆ ಆ ಮಾಡಗಳಲ್ಲಿ ದೀಪ ಹಚ್ಚಿದವಳು ನಾನು. ಮಾಡವೆಂದರೆ ಏನೆಂದು ಅವನೂ ನನಗೊಂದು ಮಾತು ಹೇಳಿರಲಿಲ್ಲ. ಇದನ್ನು ಆಗ ಬಾಯಿಬಿಟ್ಟು ಹೇಳಿದೆನೋ ಇಲ್ಲವೋ ನೆನಪಿಲ್ಲ. ನನ್ನ ತಂಗಿಗೆ ಹೇಳುವಾಗ ಹೇಳಿದೆ ಎಂದೇ ಹೇಳುತ್ತೇನೆ.

ಗೋಡೆ ಮಾಯಪ್ಪನದೆಂದಾಯಿತು. ಆಮೇಲೆ ನಡೆದದ್ದು ಬೇಗ ಮುಗಿಯುತ್ತದೆ. ನಮ್ಮ ಜಾಗದೊಳಗೆ, ಆ ಗೋಡೆಯಿಂದ ಗೇಣು ದೂರಕ್ಕೆ, ಕಂಬ ನಿಲ್ಲಿಸಿ ಬ್ಲಾಕಿನ ಗೋಡೆ ಕಟ್ಟಿಕೊಂಡೆವು. ಕಟ್ಟಿದವನು ಅದೇ ಸಿದರಾಮ. ಊರಿನಲ್ಲಿ ಬೇರೆ ಗೌಂಡಿ ಇರಲಿಲ್ಲ. ಅವನ ಮಾತು ಖರೆಯಾಯಿತು, ಬೇಸಿಗೆಯಲ್ಲಿ ಅದು ಹಂಚು. ಮೇಲಿನ ನನ್ನ ಖೋಲಿಯಲ್ಲಿ ಹೊಲಿಗೆಯ ವರ್ಗ ಬೆಳಿಗ್ಗೆ ಮಾತ್ರ ನಡೆಯುತ್ತದೆ; ಬಿಸಿಲೇರಿದರೆ ಹುಡುಗಿಯರ ಬೆವರು ಬಟ್ಟೆಗೆ ಬೀಳುತ್ತದೆ. ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಹಲ್ಲಿಗಳಿವೆ. ಗೊರಕೆ ಕೇಳಿಸುವುದಿಲ್ಲ. ಮರುವರ್ಷ ಆ ಕಲ್ಲಿನ ಗೋಡೆಯ ತಲೆಯ ಮೇಲೆ ರತ್ನವ್ವನ ಖೋಲಿ ಎದ್ದಿತು.

ನಾವು ಮಾತು ಬಿಡಲಿಲ್ಲ. ಪಕ್ಕದ ಮನೆಯವರು ಮಾತು ಬಿಟ್ಟು ಬದುಕಲು ಆಗುವುದಿಲ್ಲ. ನಳದ ಹತ್ತಿರ "ನೀರ ಬಂದಾವೇನ" ಎನ್ನುತ್ತಿದ್ದೆವು. ಆದರೆ ಚೇಳಿನ ಮಾತು ನನ್ನೊಳಗೆ ಉಳಿಯಿತು. ಯಾರ ಬಾಯಿಂದ ಮೊದಲು ಬಂತು? ಅವಳದಾದರೆ ಅದು ಮೋಸ. ನನ್ನದಾದರೆ ಬರೀ ದುರ್ದೈವ, ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟವಳಷ್ಟೇ. ವರ್ಷಗಳು ಹೋದಂತೆ ನಾನು ನನ್ನದೇ ಎಂದು ನಂಬಲು ಶುರುಮಾಡಿದ್ದೆ. ಅದರಲ್ಲಿ ಒಂದು ಸಮಾಧಾನವಿತ್ತು. ನನ್ನ ನೆನಪು ಕೆಟ್ಟದ್ದು ಎಂದು ಒಪ್ಪಿಕೊಂಡರೆ ಗೆಳತಿಯೊಬ್ಬಳು ಒಳ್ಳೆಯವಳಾಗಿ ಉಳಿಯುತ್ತಾಳೆ.

ಕುಬಸಕ್ಕೆ ಹೋದದ್ದೂ ಅದೇ ಸಮಾಧಾನದಲ್ಲಿ.

"ಇಲ್ಲಿ ಕುಂದ್ರ ಶೈಲಾ, ಗ್ವಾಡಿಗೆ ಒರಗಿ ಕುಂದ್ರು. ತಂಪದ," ಎಂದಳು ರತ್ನವ್ವ. ಕುಳಿತೆ. ಬೆನ್ನಿಗೆ ಕರಿಕಲ್ಲು ಹತ್ತಿತು. ನನ್ನ ಬೆನ್ನು ನನ್ನ ಮಾತು ಕೇಳಲಿಲ್ಲ. ಎಷ್ಟೋ ವರ್ಷದ ದಣಿವಿದ್ದಂತೆ ಕಲ್ಲಿಗೆ ಒರಗಿಕೊಂಡಿತು. ಹಸಿರು ಸೀರೆಯ ಹುಡುಗಿಗೆ ಆರತಿಯಾಯಿತು. ಹೆಂಗಸರು ಒಬ್ಬೊಬ್ಬರೇ ಎದ್ದರು. ಹುಡುಗಿ ಮೇಲಿನ ಖೋಲಿಗೆ ಮಲಗಲು ಹೋದಳು. ರತ್ನವ್ವ ಎರಡು ಕಪ್ಪು ಚಹಾ ತಂದು ನನ್ನ ಎದುರು ನೆಲಕ್ಕೆ ಕುಳಿತಳು. ಅವಳಿಗೂ ವಯಸ್ಸಾಗಿದೆ.

ಕೇಳಬೇಕೆಂದು ಹೋಗಿರಲಿಲ್ಲ. ಆ ವಾಸನೆ ಇನ್ನೂ ಇತ್ತು.

"ರತ್ನಾ, ಮಾಡದಾಗ ಚೇಳ ಕೂಡ್ತಾವ ಅಂತ ಮೊದ್ಲ ಅಂದಾಕಿ ನಾನೋ ನೀನೋ?"

ಇಷ್ಟು ವರ್ಷದ ಮೇಲೆ ಕೇಳಿದ್ದಕ್ಕೆ ಅವಳು "ಯಾವ ಚೇಳು" ಎನ್ನಬಹುದಿತ್ತು. ಅನ್ನಲಿಲ್ಲ. ಚಹಾ ಊದಿದಳು.

"ನಾನ. ಆವತ್ತ ಅದನ್ನ ಯಾರೂ ಕೇಳಲಿಲ್ಲ."

"ಮಾಡದ ಕಾಯ್ದೆ ನಿನಗ ಗೊತ್ತಿತ್ತೇನ?"

"ಮದಿವಿ ಮುಂದ ನಮ್ಮವ್ವ ಒಂದ ಮಾತ ಹೇಳಿ ಕಳಿಸಿದ್ಲು. ಹೋದ ಮನ್ಯಾಗ ಮೊದ್ಲ ಮಾಡ ಎಣಿಸು ಅಂತ." ಅವಳು ಮೇಲೆ ನೋಡಿದಳು. ಮಗಳು ಮಗ್ಗುಲು ಬದಲಿಸಿದ ಸಪ್ಪಳವಾಯಿತು. "ನನಗೂ ಮ್ಯಾಲ ಒಂದ ಖೋಲಿ ಬೇಕಾಗಿತ್ತು ಶೈಲಾ."

"ಕೇಳಿದ್ರ ನಾ ಇಲ್ಲಂತಿದ್ನೇನ? ಇಬ್ಬರೂ ಕಟ್ಟಬಹುದಾಗಿತ್ತು."

"ಇಲ್ಲಂತಿದ್ದಿಲ್ಲ," ಎಂದಳು. "ನನಗ ಕೇಳೂದ ಬ್ಯಾಡಾಗಿತ್ತು."

ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ, ಗೆಲುವೂ ಇರಲಿಲ್ಲ. ನನ್ನ ನೆನಪು ಸರಿಯಿತ್ತು, ಮೊದಲಿನಿಂದಲೂ. ಅದನ್ನೇ ನಾನು ಇಷ್ಟು ವರ್ಷ ಸುಳ್ಳಿಯೆಂದು ಗದರಿಸಿ ಮೂಲೆಗೆ ಕೂಡಿಸಿದ್ದೆ, ಇವಳಿಗಾಗಿ.

ಚಹಾ ಮುಗಿಯಿತು. ಕಪ್ಪು ಇಡಲೆಂದು ನನ್ನ ಕೈ ನೋಡದೆಯೇ ಮೇಲೆದ್ದು, ಕಿವಿಯ ಪಕ್ಕ, ಮೊದಲು ನಮ್ಮ ಮನೆಯಲ್ಲಿ ಮಾಡವಿದ್ದ ಎತ್ತರಕ್ಕೆ ಹೋಯಿತು. ಅಲ್ಲಿ ಮಾಡವಿತ್ತು. ಅವಳದು. ಒಳಗೆ ದೀಪದ ಮಸಿ, ಕಡ್ಡಿಪೆಟ್ಟಿಗೆ. ರತ್ನವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

ಕೈ ಇಳಿಸಿ ಕಪ್ಪನ್ನು ನೆಲದ ಮೇಲೆ ಇಟ್ಟೆ. ಎದ್ದು ಬಂದೆ.